ಹಳೆಯ ವಠಾರಕ್ಕೆ ಹೊಸ ಹೀಟರು: ವಿದ್ಯುತ್ತಿನ ಒಂದು ಲೆಕ್ಕ

ಪುಷ್ಯಮಾಸದ ಚಳಿ ನೀಲಗಿರಿಯ ಮೇಲೆ ಹೇಗಿರುವುದೆಂಬುದನ್ನು ಬಯಲುಸೀಮೆಯ ವಾಚಕರಿಗೆ ಮಾತಿನಿಂದ ತಿಳಿಸುವುದು ಕಷ್ಟ. ಉದಕಮಂಡಲವು ಸಮುದ್ರಮಟ್ಟದಿಂದ ಸುಮಾರು 2,240 ಮೀಟರ್ ಎತ್ತರದಲ್ಲಿದೆ. ಜನವರಿ ತಿಂಗಳ ಕೆಲವು ರಾತ್ರಿಗಳಲ್ಲಿ ಅಲ್ಲಿಯ ತಗ್ಗುಗಳ ಉಷ್ಣತೆ ಸೊನ್ನೆಯ ಸಮೀಪಕ್ಕೆ ಇಳಿಯುತ್ತದೆ. ಬೆಳಗಾಗುವ ಹೊತ್ತಿಗೆ ಹುಲ್ಲಿನ ಮೇಲಣ ಇಬ್ಬನಿ ಹೆಪ್ಪುಗಟ್ಟಿ ಬಿಳಿಯ ಹಾಸಾಗಿರುತ್ತದೆ. ಹಿಂದಿನ ಕಾಲದ ಬಂಗಲೆಗಳಲ್ಲಿ ಬೆಂಕಿಗೂಡೂ ಹೊಗೆಗೊಳವೆಯೂ ಇದ್ದುವು. ಆಮೇಲೆ ಕಟ್ಟಿದ ಎರಡು ಮೂರು ಅಂತಸ್ತಿನ ವಠಾರಗಳಲ್ಲಿ ಅಂಥ ಅನುಕೂಲವಿಲ್ಲ. ಅಲ್ಲಿಯ ಬಡವರೂ ವೃದ್ಧರೂ ಇದ್ದಲಿನ ಅಗ್ಗಿಷ್ಟಿಕೆಯನ್ನು ಕೋಣೆಯೊಳಗೆ ಇಟ್ಟುಕೊಂಡು, ಗಾಳಿ ಬಾರದಂತೆ ಕಿಟಕಿ ಬಾಗಿಲುಗಳನ್ನು ಮುಚ್ಚಿ ಮಲಗುವುದುಂಟು.

ಇದು ಎಷ್ಟು ಅಪಾಯಕರವೆಂಬುದನ್ನು ಮೊದಲೇ ಹೇಳಿಬಿಡಬೇಕು. ಗಾಳಿ ಸಾಲದೆ ಉರಿಯುವ ಇದ್ದಲಿನಿಂದ ಕಾರ್ಬನ್ ಮೊನಾಕ್ಸೈಡ್ ಎಂಬ ಅನಿಲ ಹುಟ್ಟುತ್ತದೆ. ಅದಕ್ಕೆ ಬಣ್ಣವಿಲ್ಲ, ವಾಸನೆಯಿಲ್ಲ. ರಕ್ತದ ಹಿಮೊಗ್ಲೋಬಿನ್ನು ಆಮ್ಲಜನಕಕ್ಕಿಂತ ಇನ್ನೂರು ಪಟ್ಟಿಗೂ ಮಿಗಿಲಾದ ಒಲವಿನಿಂದ ಅದನ್ನು ಹಿಡಿದುಕೊಳ್ಳುತ್ತದೆ. ಮಲಗಿದವನಿಗೆ ಉಸಿರು ಕಟ್ಟಿದಂತೆಯೂ ತೋರದು. ನಿದ್ದೆಯೇ ಮರಣವಾಗಿ ಪರಿಣಮಿಸುತ್ತದೆ. ಆದುದರಿಂದ ಅಗ್ಗಿಷ್ಟಿಕೆಯ ಸ್ಥಾನದಲ್ಲಿ ವಿದ್ಯುತ್ತಿನ ಹೀಟರು ಬರುವುದು ಸ್ವಾಗತಾರ್ಹವೇ. ಆದರೆ ನಲವತ್ತು ಐವತ್ತು ವರ್ಷಗಳ ಹಿಂದೆ ನಾಲ್ಕು ದೀಪ, ಒಂದು ರೇಡಿಯೋ, ಒಂದು ಇಸ್ತ್ರಿಪೆಟ್ಟಿಗೆಗೆಂದು ಎಳೆದ ತಂತಿಗಳು ಈ ಹೊಸ ಭಾರವನ್ನು ತಾಳಬಲ್ಲವೇ? ತಾಳುವುದಾದರೆ ಎಷ್ಟು ಮನೆಗಳಿಗೆ? ಈ ಪ್ರಶ್ನೆಗೆ ಊಹೆಯಿಂದಲ್ಲ, ಲೆಕ್ಕದಿಂದ ಉತ್ತರ ಹೇಳಬಹುದೆಂಬುದನ್ನು ತೋರಿಸುವುದೇ ಈ ಲೇಖನದ ಉದ್ದೇಶ. ಬೇಕಾದ ಗಣಿತವೆಲ್ಲ ಒಂಬತ್ತನೆಯ ತರಗತಿಯ ಮಟ್ಟದ್ದು. ಓಮನ ನಿಯಮವನ್ನು ನಿರರ್ಗಳವಾಗಿ ಒಪ್ಪಿಸುವ ಮಕ್ಕಳು ತಮ್ಮ ಮನೆಯ ಹೀಟರಿನ ಬೆನ್ನಿಗೆ ಅಂಟಿಸಿದ ತಗಡಿನ ಮೇಲೆ ಏನು ಬರೆದಿದೆಯೆಂದು ನೋಡಿರುವುದಿಲ್ಲ. ಅವರಿಗೂ ಇದರಿಂದ ಪ್ರಯೋಜನವಾದೀತು.

ಮೊದಲು ಕೋಣೆಗೆ ಬೇಕಾದ ಕಾವು ಎಷ್ಟೆಂಬುದನ್ನು ನೋಡೋಣ. ಜನರು ಇದನ್ನು ಕೇಳದೆಯೇ ಅಂಗಡಿಗೆ ಹೋಗುತ್ತಾರೆ. ಅಂಗಡಿಯವರು 2,000 ವ್ಯಾಟಿನದನ್ನು ಮುಂದಿಡುತ್ತಾರೆ. ಹೀಟರು ಕೋಣೆಗೆ ಕೊಡಬೇಕಾದುದು ಕೋಣೆಯಿಂದ ಸೋರಿಹೋಗುವಷ್ಟು ಶಾಖವನ್ನು ಮಾತ್ರ. 4 ಮೀಟರ್ ಉದ್ದ, 3 ಮೀಟರ್ ಅಗಲ, 3 ಮೀಟರ್ ಎತ್ತರದ ಒಂದು ಮೂಲೆಕೋಣೆಯನ್ನು ತೆಗೆದುಕೊಳ್ಳೋಣ. ಅದರ ಎರಡು ಗೋಡೆಗಳು ಹೊರಕ್ಕಿವೆ; ಅವುಗಳ ವಿಸ್ತೀರ್ಣ (4 + 3) × 3 = 21 ಚದರ ಮೀಟರ್. ಅದರಲ್ಲಿ ಕಿಟಕಿಯ ಗಾಜು 2 ಚದರ ಮೀಟರ್, ಉಳಿದ 19 ಚದರ ಮೀಟರ್ ಇಟ್ಟಿಗೆಯ ಗೋಡೆ. ಎರಡು ಕಡೆಯೂ ಗಾರೆ ಮಾಡಿದ ಒಂಬತ್ತಂಗುಲದ ಗೋಡೆಯ ಪ್ರತಿ ಚದರ ಮೀಟರಿನ ಮೂಲಕ, ಒಳಗೂ ಹೊರಗೂ ಒಂದು ಡಿಗ್ರಿ ಅಂತರವಿರುವಾಗ, ಸುಮಾರು 2 ವ್ಯಾಟ್ ಶಾಖ ಸೋರುತ್ತದೆ. ಒಂಟಿಗಾಜಿನ ಮೂಲಕ ಸುಮಾರು 5.7 ವ್ಯಾಟ್. ಗೋಡೆಯಿಂದ 38, ಗಾಜಿನಿಂದ 11.4 ಎಂದಾಯಿತು. ಸಂದುಗಳಲ್ಲಿ ನುಸುಳುವ ಗಾಳಿ ಗಂಟೆಗೊಮ್ಮೆ ಕೋಣೆಯ ಗಾಳಿಯನ್ನೆಲ್ಲ ಬದಲಿಸುತ್ತದೆಂದು ಹಿಡಿದರೆ, 36 ಘನ ಮೀಟರಿನ ಮೂರರಲ್ಲೊಂದು ಪಾಲು, ಎಂದರೆ 12 ವ್ಯಾಟ್. (ಬೆಟ್ಟದ ಮೇಲೆ ಗಾಳಿ ತೆಳುವಾದುದರಿಂದ ಇದು ತುಸು ಕಡಮೆಯಾಗುವುದು, ಬಿಟ್ಟುಬಿಡೋಣ.) ಒಟ್ಟು ಡಿಗ್ರಿಗೆ 61.4 ವ್ಯಾಟ್.

ಹೊರಗೆ 5 ಡಿಗ್ರಿ ಇದೆ. ಒಳಗೆ ಎಷ್ಟಿರಬೇಕು? ವಿಶ್ವ ಆರೋಗ್ಯ ಸಂಸ್ಥೆಯು 2018ರಲ್ಲಿ ವಸತಿಯನ್ನು ಕುರಿತು ಹೊರಡಿಸಿದ ಮಾರ್ಗಸೂಚಿಯಲ್ಲಿ ಚಳಿಗಾಲಕ್ಕೆ 18 ಡಿಗ್ರಿಯನ್ನು ಹೇಳಿದೆ. ಅಂತರ 13 ಡಿಗ್ರಿ. 61.4 × 13 = 798 ವ್ಯಾಟ್. ಹಾಗಾದರೆ ನಡುವಣ ಅಂತಸ್ತಿನ ಇಂಥ ಕೋಣೆಗೆ 1,000 ವ್ಯಾಟಿನ ಹೀಟರು ಸಾಕು. ಎರಡು ಸಾವಿರದ್ದು ಬೇಡ.

ಮೇಲಂತಸ್ತಿನ ಸ್ಥಿತಿ ಬೇರೆ. ಅಲ್ಲಿ ತಲೆಯ ಮೇಲೆ 12 ಚದರ ಮೀಟರ್ ಕಾಂಕ್ರೀಟಿನ ತಾರಸಿ ಇದೆ. ಅದು ಚದರ ಮೀಟರಿಗೆ 3 ವ್ಯಾಟಿನಂತೆ ಡಿಗ್ರಿಗೆ 36 ವ್ಯಾಟ್ ಕಳೆಯುತ್ತದೆ. ಒಟ್ಟು 97.4 × 13 = 1,266 ವ್ಯಾಟ್. ಅಲ್ಲಿಗೆ 1,500 ವ್ಯಾಟಿನ ಹೀಟರು ಬೇಕಾಗುವುದು. ತಾರಸಿಯ ಕೆಳಗೆ ಶಾಖ ತಡೆಯುವ ಹಲಗೆಯ ಒಳಮಾಡನ್ನು ಹೊಡೆಸಿ ಆ 3 ವ್ಯಾಟನ್ನು 1ಕ್ಕೆ ಇಳಿಸಿದರೆ 312 ವ್ಯಾಟ್ ಉಳಿದು, ಆ ಕೋಣೆಗೂ ಸಾವಿರ ವ್ಯಾಟೇ ಸಾಕಾಗುತ್ತದೆ. ಬೆಟ್ಟದ ಹಳೆಯ ಮನೆಗಳಿಗೆ ಮರದ ಒಳಮಾಡು ಮಾಡಿಸುತ್ತಿದ್ದವರು ಅಂದಕ್ಕಾಗಿಯೇ ಮಾಡಿಸಿದರೆಂದು ನಾವು ತಿಳಿಯಬೇಕಾಗಿಲ್ಲ.

ಇಲ್ಲಿ ಒಂದು ಮಾತು. ಎಣ್ಣೆ ತುಂಬಿದ್ದು, ಫ್ಯಾನಿನದು, ಕೆಂಪಗೆ ಹೊಳೆಯುವ ಸಲಾಕೆಯದು ಎಂದು ಹೀಟರುಗಳಲ್ಲಿ ಭೇದವುಂಟಷ್ಟೆ. ಕಾವು ಹರಡುವ ರೀತಿ ಬೇರೆ ಬೇರೆಯಾದರೂ ವ್ಯಾಟಿಗೆ ಬರುವ ಶಾಖ ಎಲ್ಲದರಲ್ಲಿಯೂ ಒಂದೇ. ಬಿಸಿ ತಂಪು ಎರಡನ್ನೂ ಕೊಡುವ ಇನ್ವರ್ಟರ್ ಏರ್ ಕಂಡಿಷನರ್ ಮಾತ್ರ ಹೊರಗಿನ ಗಾಳಿಯ ಶಾಖವನ್ನೇ ಒಳಕ್ಕೆ ಎತ್ತಿ ತರುವುದರಿಂದ, 400 ವ್ಯಾಟಿನಷ್ಟು ವಿದ್ಯುತ್ತಿನಲ್ಲಿ ಸುಮಾರು ಸಾವಿರ ವ್ಯಾಟಿನ ಕಾವನ್ನು ಕೊಡಬಲ್ಲುದು; ಅದರ ಬೆಲೆಯೇ ಬಾಡಿಗೆದಾರನಿಗೆ ಅಡ್ಡಿ.

ಇನ್ನು ತಂತಿಯ ವಿಚಾರ. ವ್ಯಾಟನ್ನು ವೋಲ್ಟಿನಿಂದ ಭಾಗಿಸಿದರೆ ಆಂಪಿಯರು ಬರುತ್ತದೆ. 230 ವೋಲ್ಟಿನಲ್ಲಿ 1,000 ವ್ಯಾಟಿಗೆ 4.35 ಆಂಪಿಯರ್; 1,500ಕ್ಕೆ 6.52, 2,000ಕ್ಕೆ 8.7. ತಂತಿಯನ್ನು ಬಿಸಿ ಮಾಡುವುದು ಈ ಆಂಪಿಯರು. ಇಂಗ್ಲೆಂಡಿನ ಜೇಮ್ಸ್ ಪ್ರೆಸ್ಕಟ್ ಜೂಲ್ ಎಂಬಾತನು ತಂತಿಯ ಸುರುಳಿಯನ್ನು ನೀರಿನಲ್ಲಿ ಮುಳುಗಿಸಿ, ಉಷ್ಣಮಾಪಕದಿಂದ ಅಳೆದು, 1841ರಲ್ಲಿ ಪ್ರಕಟಿಸಿದ ನಿಯಮ ನಮಗೆ ಇಲ್ಲಿ ಬೇಕಾದುದು. ತಂತಿಯಲ್ಲಿ ಹುಟ್ಟುವ ಶಾಖವು ಪ್ರವಾಹದ ವರ್ಗಕ್ಕೆ ಅನುಪಾತದಲ್ಲಿರುತ್ತದೆ. ಪ್ರವಾಹ ಮೂರು ಪಟ್ಟಾದರೆ ಶಾಖ ಮೂರಲ್ಲ, ಒಂಬತ್ತು ಪಟ್ಟಾಗುತ್ತದೆ.

ಹಳೆಯ ವಠಾರಗಳಲ್ಲಿ 3/20 ಎಂದು ಕರೆಯುತ್ತಿದ್ದ ತಾಮ್ರದ ತಂತಿಯನ್ನು ಕಾಣುತ್ತೇವೆ; ಎಂದರೆ 20ನೆಯ ಗೇಜಿನ ಮೂರು ಎಳೆಗಳು. ಅದರ ಅಡ್ಡಕೊಯ್ತ ಸುಮಾರು 2 ಚದರ ಮಿಲ್ಲಿಮೀಟರ್. ಮೀಟರಿನ ಹಲಗೆಯಿಂದ ಮೇಲಂತಸ್ತಿನ ಮನೆಗೆ 25 ಮೀಟರ್ ದೂರವೆಂದರೆ ಹೋಗಿಬರುವ ತಂತಿ 50 ಮೀಟರ್. ಅದರ ರೋಧ ಸುಮಾರು 0.445 ಓಮ್. 5 ಆಂಪಿಯರ್ ಹರಿಯುವಾಗ ಇಡೀ ತಂತಿಯಲ್ಲಿ ಹುಟ್ಟುವ ಶಾಖ 11 ವ್ಯಾಟ್. 15 ಆಂಪಿಯರ್ ಹರಿದರೆ 100 ವ್ಯಾಟ್. ಈ ನೂರು ವ್ಯಾಟ್ ಉದ್ದಕ್ಕೂ ಹಂಚಿಹೋಗುವುದರಿಂದ ತಂತಿ ಬೆಚ್ಚಗಾಗುವುದೇ ಹೊರತು ಒಮ್ಮೆಗೇ ಉರಿಯುವುದಿಲ್ಲ. ಆದರೆ ಹಳೆಯ ರಬ್ಬರಿನ ಹೊದಿಕೆ ವರ್ಷಗಟ್ಟಲೆ ಕಾವಿಗೂ ಗಾಳಿಗೂ ಸಿಕ್ಕಿ ಬಿರುಸಾಗಿರುತ್ತದೆ. ಕೈಯಿಂದ ಬಗ್ಗಿಸಿದರೆ ಹಪ್ಪಳದಂತೆ ಮುರಿದು ಉದುರುತ್ತದೆ. ಅಂಥ ತಂತಿಗೆ ಅಳತೆಯ ಪುಸ್ತಕದಲ್ಲಿರುವ ಸಾಮರ್ಥ್ಯವನ್ನು ಆರೋಪಿಸುವುದು ತಪ್ಪು. ಅದನ್ನು ತೆಗೆದು ಹೊಸದನ್ನು ಹಾಕಿಸುವುದೊಂದೇ ದಾರಿ. ಅಲ್ಲಿ ಲೆಕ್ಕ ನಡೆಯದು.

ಇದಕ್ಕಿಂತ ಕೆಟ್ಟುದು ಸಡಿಲವಾದ ಸಂದು. ಸ್ವಿಚ್ಚಿನ ತಿರುಪು, ಪ್ಲಗ್ಗಿನ ಬಾಯಿ, ಫ್ಯೂಸಿನ ಹಿಡಿ ಇವುಗಳಲ್ಲಿ ಎಲ್ಲಿಯಾದರೂ ತುಕ್ಕಿನಿಂದಲೋ ಸಡಿಲದಿಂದಲೋ ಓಮಿನ ಹತ್ತರಲ್ಲೊಂದಂಶ ರೋಧ ಸೇರಿಕೊಂಡಿದೆಯೆಂದು ಭಾವಿಸಿರಿ. 5 ಆಂಪಿಯರಿಗೆ ಅಲ್ಲಿ 2.5 ವ್ಯಾಟ್, ಯಾರ ಗಮನಕ್ಕೂ ಬಾರದು. 15 ಆಂಪಿಯರಿಗೆ 22.5 ವ್ಯಾಟ್. ರೇಡಿಯೋ ರಿಪೇರಿಯವನು ಸೀಸ ಕರಗಿಸುವ ಬೆಸುಗೆಸಲಾಕೆ 25 ವ್ಯಾಟಿನದು. ಅಷ್ಟು ಕಾವು ಗೋಡೆಯೊಳಗಿನ ಮರದ ಪೆಟ್ಟಿಗೆಯಲ್ಲಿ, ಕಡಲೆಕಾಳಿನಷ್ಟು ಜಾಗದಲ್ಲಿ, ರಾತ್ರಿ ಏಳರಿಂದ ಹತ್ತರವರೆಗೆ ಕುಳಿತಿದ್ದರೆ ಏನಾದೀತೆಂದು ವಾಚಕರು ಊಹಿಸಬಲ್ಲರು. ಪ್ರವಾಹ ಹೆಚ್ಚಿಲ್ಲವಾದುದರಿಂದ ಫ್ಯೂಸಿಗೂ ಇದು ತಿಳಿಯುವುದಿಲ್ಲ. ಪ್ಲಗ್ಗನ್ನು ಕಿತ್ತಾಗ ಅದರ ಕಾಲುಗಳು ಮುಟ್ಟಲಾಗದಷ್ಟು ಬಿಸಿಯಾಗಿದ್ದರೆ, ಪಿಂಗಾಣಿಯ ಸುತ್ತ ಕಂದುಬಣ್ಣ ಕಂಡರೆ, ಮೀನಿನಂಥ ವಾಸನೆ ಬಂದರೆ, ಆ ರಾತ್ರಿಯೇ ಹೀಟರನ್ನು ನಿಲ್ಲಿಸತಕ್ಕದ್ದು. ಹೀಟರಿಗೆ 16 ಆಂಪಿಯರಿನ ದೊಡ್ಡ ಪ್ಲಗ್ಗೇ ಆಗಬೇಕು. ದೀಪದ ಪ್ಲಗ್ಗಿಗೆ ಅಡಾಪ್ಟರ್ ಸಿಕ್ಕಿಸಿ ಓಡಿಸುವುದು ಸಲ್ಲದು.

ಫ್ಯೂಸು ಹೋಗುತ್ತದೆಂದು ಎರಡು ಎಳೆ ತಂತಿ ಸುತ್ತುವ ಪದ್ಧತಿಯನ್ನೂ ಇಲ್ಲಿಯೇ ಖಂಡಿಸಬೇಕು. ಕಿಟ್‌ಕ್ಯಾಟ್ ಫ್ಯೂಸಿನ ತಂತಿ ಕರಗುವುದು ಅದರ ಅಂಕಿತ ಆಂಪಿಯರಿನ ಒಂದೂವರೆ ಎರಡು ಪಟ್ಟು ಪ್ರವಾಹಕ್ಕೆ. ಅದಾಗಲೇ ಅಷ್ಟು ಉದಾರಿ. ನಾವು ಇನ್ನಷ್ಟು ಉದಾರಿಗಳಾದರೆ ಮೊದಲು ಕರಗುವುದು ಗೋಡೆಯೊಳಗಿನ ತಂತಿಯೇ.

ಈಗ ಇಡೀ ವಠಾರದ ಲೆಕ್ಕಕ್ಕೆ ಬರೋಣ. ಉದಾಹರಣೆಗಾಗಿ ಒಂದನ್ನು ಕಲ್ಪಿಸಿಕೊಳ್ಳುತ್ತೇವೆ: ಮೂರು ಅಂತಸ್ತು, ಅಂತಸ್ತಿಗೆ ನಾಲ್ಕರಂತೆ 12 ಮನೆಗಳು, ಮೂರು ಫೇಸಿನ ಸರಬರಾಜು, ಫೇಸಿಗೆ 60 ಆಂಪಿಯರಿನ ಮುಖ್ಯ ಫ್ಯೂಸು, ಫೇಸಿಗೆ ನಾಲ್ಕು ಮನೆ. ಮೂರು ಫೇಸುಗಳನ್ನು ಕೆಂಪು, ಹಳದಿ, ನೀಲಿ ಎಂದು ಕರೆಯುವುದು ವಾಡಿಕೆ.

60 ಆಂಪಿಯರನ್ನೂ ಬಳಸಬಹುದೇ? ಬಳಸಬಾರದು. ಇಸ್ತ್ರಿಪೆಟ್ಟಿಗೆ ಹತ್ತು ನಿಮಿಷ ನಡೆಯುತ್ತದೆ, ಮಿಕ್ಸಿ ಎರಡು ನಿಮಿಷ. ಹನ್ನೆರಡು ಮನೆಯವರು ಒಂದೇ ಕ್ಷಣದಲ್ಲಿ ಇಸ್ತ್ರಿ ಮಾಡುವುದಿಲ್ಲವೆಂಬ ನಂಬಿಕೆಯ ಮೇಲೆಯೇ ಹಳಬರು ಕಟ್ಟಡದ ಸಾಮರ್ಥ್ಯವನ್ನು ಗೊತ್ತುಮಾಡಿದ್ದರು. ಆ ನಂಬಿಕೆ ಸರಿಯಾಗಿಯೂ ಇತ್ತು. ಹೀಟರಿನ ವಿಷಯದಲ್ಲಿ ಅದು ನಿಲ್ಲುವುದಿಲ್ಲ. ಚಳಿ ಎಲ್ಲರಿಗೂ ಒಂದೇ ಹೊತ್ತಿಗೆ ಬರುತ್ತದೆ. ಎಲ್ಲರೂ ಒಂದೇ ಹೊತ್ತಿಗೆ ಹಾಕುತ್ತಾರೆ, ಗಂಟೆಗಟ್ಟಲೆ ಹಾಕುತ್ತಾರೆ. ಮೂರು ಗಂಟೆ ಮತ್ತು ಅದಕ್ಕೆ ಮೇಲ್ಪಟ್ಟು ನಿಲ್ಲದೆ ನಡೆಯುವ ಭಾರವನ್ನು ಅಮೆರಿಕದ ವಿದ್ಯುತ್ ಸಂಹಿತೆ ಪ್ರತ್ಯೇಕವಾಗಿ ಎಣಿಸುತ್ತದೆ. ಅದರ ಪ್ರಕಾರ ಸಾಮರ್ಥ್ಯದ ನೂರಕ್ಕೆ 80ರಷ್ಟೇ ಅಂಥ ಭಾರಕ್ಕೆ ಸಲ್ಲುತ್ತದೆ. ಹಳೆಯ ಕಟ್ಟಡಕ್ಕೆ ಈ ಎಚ್ಚರಿಕೆ ನಮ್ಮಲ್ಲಿಯೂ ಯೋಗ್ಯವೇ. 60ರಲ್ಲಿ 80 ಪಾಲೆಂದರೆ 48 ಆಂಪಿಯರ್.

ಈಗಾಗಲೇ ಎಷ್ಟು ಹರಿಯುತ್ತಿದೆಯೆಂಬುದನ್ನು ಊಹಿಸದೆ ಅಳೆಯಬೇಕು. ಲೈಸೆನ್ಸುಳ್ಳ ವೈರ್‌ಮನ್ನನು ಟಾಂಗ್ ಟೆಸ್ಟರ್ ಎಂಬ ಇಕ್ಕಳದಂಥ ಮಾಪಕವನ್ನು ತಂತಿಯ ಸುತ್ತ ಹಿಡಿದರೆ, ತಂತಿಯನ್ನು ಕತ್ತರಿಸದೆಯೇ ಆಂಪಿಯರು ತಿಳಿಯುತ್ತದೆ. ಜನವರಿಯ ಒಂದು ಸಂಜೆ, ಹೀಟರು ಯಾವುದೂ ಇಲ್ಲದಿರುವಾಗ, ಕೆಂಪಿನಲ್ಲಿ 34, ಹಳದಿಯಲ್ಲಿ 22, ನೀಲಿಯಲ್ಲಿ 40 ಆಂಪಿಯರ್ ಕಂಡಿತೆಂದು ಇಟ್ಟುಕೊಳ್ಳೋಣ. ಉಳಿದಿರುವ ಜಾಗ: ಕೆಂಪಿನಲ್ಲಿ 14, ಹಳದಿಯಲ್ಲಿ 26, ನೀಲಿಯಲ್ಲಿ 8.

ಎಲ್ಲರೂ 2,000 ವ್ಯಾಟಿನ ಹೀಟರನ್ನೇ ತಂದರೆ ಒಂದಕ್ಕೆ 8.7 ಆಂಪಿಯರಿನಂತೆ ಕೆಂಪಿನಲ್ಲಿ 1, ಹಳದಿಯಲ್ಲಿ 2, ನೀಲಿಯಲ್ಲಿ ಒಂದೂ ಇಲ್ಲ. ಹನ್ನೆರಡು ಮನೆಗಳಲ್ಲಿ ಮೂರಕ್ಕೆ ಮಾತ್ರ! ಮೊದಲು ಕೊಂಡ ಮೂವರು ಇಡೀ ವಠಾರದ ಪಾಲನ್ನು ಮುಗಿಸುತ್ತಾರೆ. ಮಿಕ್ಕ ಒಂಬತ್ತು ಮನೆಯವರು ಫ್ಯೂಸು ಹಾರಿಸಬೇಕು, ಇಲ್ಲವೇ ಅಗ್ಗಿಷ್ಟಿಕೆಗೆ ಮರಳಬೇಕು. ಈ ಮೂವರು ಯಾರಿರಬಹುದೆಂಬುದನ್ನು ಹೇಳಬೇಕಾದುದಿಲ್ಲ. ಪಿಂಚಣಿಯ ಮೇಲೆ ಬದುಕುವ ಮುದುಕಿಯಂತೂ ಅವರಲ್ಲಿರುವುದಿಲ್ಲ.

ಕೋಣೆಗೆ ಬೇಕಾದಷ್ಟನ್ನೇ ತಂದರೆ? ಕೆಳಗಿನ ಎರಡು ಅಂತಸ್ತಿನ 8 ಮನೆಗಳಿಗೆ 1,000 ವ್ಯಾಟ್, ಮೇಲಿನ 4ಕ್ಕೆ 1,500. ಒಟ್ಟು 8 × 4.35 = 34.8, 4 × 6.52 = 26.1, ಸೇರಿ 60.9 ಆಂಪಿಯರ್. ಉಳಿದ ಜಾಗವೆಲ್ಲ ಕೂಡಿ 48. ಇನ್ನೂ ಸಾಲದು.

ಆದರೆ ಅಳತೆಯ ಹೊತ್ತಿನಲ್ಲಿ ಏನೇನು ನಡೆಯುತ್ತಿತ್ತೆಂದು ವಿಚಾರಿಸಿದರೆ, ಕೆಂಪಿನ ಒಂದು ಮನೆಯಲ್ಲಿಯೂ ನೀಲಿಯ ಎರಡು ಮನೆಗಳಲ್ಲಿಯೂ 2,000 ವ್ಯಾಟಿನ ಗೀಸರುಗಳು ಉರಿಯುತ್ತಿದ್ದುವೆನ್ನೋಣ. ಗೀಸರಿನ ಸ್ವಭಾವ ಹೀಟರಿನದಲ್ಲ. 15 ಲೀಟರ್ ನೀರನ್ನು 10 ಡಿಗ್ರಿಯಿಂದ 50 ಡಿಗ್ರಿಗೆ ಏರಿಸಲು ಅದಕ್ಕೆ ಸುಮಾರು 21 ನಿಮಿಷ ಸಾಕು. ಆಮೇಲೆ ಹೊದಿಕೆಯುಳ್ಳ ಆ ತೊಟ್ಟಿ ಗಂಟೆಗಳ ಕಾಲ ಬಿಸಿಯನ್ನು ಹಿಡಿದಿಡುತ್ತದೆ. ಆದುದರಿಂದ ನೀರನ್ನು ಸಂಜೆ ನಾಲ್ಕಕ್ಕೇ ಕಾಯಿಸಿಡಬಹುದು. ಕೋಣೆಯ ಗಾಳಿಯನ್ನು ಹಾಗೆ ಕಾಯಿಸಿಡಲಾಗದು. ಮೂರು ಗೀಸರುಗಳ ಹೊತ್ತನ್ನು ಹಿಂದಕ್ಕೆ ಸರಿಸಿದರೆ ಕೆಂಪು 25.3ಕ್ಕೂ ನೀಲಿ 22.6ಕ್ಕೂ ಇಳಿಯುತ್ತದೆ, ಹಳದಿ 22 ಇದ್ದಂತೆಯೇ. ಇನ್ನು ಹೀಟರುಗಳನ್ನು ಸೇರಿಸೋಣ. ಮೇಲಂತಸ್ತಿನ ನಾಲ್ಕು ಮನೆಗಳಲ್ಲಿ ಎರಡು ಹಳದಿಯ ಮೇಲೆಯೂ ಉಳಿದ ಎರಡು ಒಂದೊಂದು ಫೇಸಿನ ಮೇಲೆಯೂ ಇರಲಿ. ಹಳದಿಗೆ 21.74, ಉಳಿದವಕ್ಕೆ 19.57 ಕೂಡುತ್ತದೆ. ಮೊತ್ತ: ಕೆಂಪು 44.87, ಹಳದಿ 43.74, ನೀಲಿ 42.17. ಮೂರೂ 48ರೊಳಗೆ. ಹನ್ನೆರಡು ಮನೆಗಳಿಗೂ ಕಾವು ದೊರೆಯಿತು; ಮುಖ್ಯ ಫ್ಯೂಸನ್ನು ಬದಲಿಸಬೇಕಾಗಿಲ್ಲ.

ಮೂರು ಮನೆಗೆ ಮಾತ್ರ ಸಾಕಾಗುತ್ತಿದ್ದುದು ಹನ್ನೆರಡಕ್ಕೆ ಸಾಕಾದುದು ಯಾವ ಇಂದ್ರಜಾಲದಿಂದಲೂ ಅಲ್ಲ. ಆದರೆ ಗೀಸರಿನ ಹೊತ್ತಿನ ವಿಷಯದಲ್ಲಿ ನೆರೆಹೊರೆಯವರ ಬಾಯಿಮಾತನ್ನು ನೆಚ್ಚಬಾರದೆಂಬುದು ನಮ್ಮ ಅಭಿಪ್ರಾಯ. ನೆಂಟರು ಬಂದ ದಿನ ಮಾತು ಮರೆತುಹೋಗುವುದು ಸಹಜ. ಪ್ರತಿ ಮನೆಯಲ್ಲಿಯೂ ಹೀಟರು ಅಥವಾ ಗೀಸರು, ಎರಡರಲ್ಲಿ ಒಂದಕ್ಕೇ ಪ್ರವಾಹ ಹೋಗುವಂತೆ ಒಂದು ಚೇಂಜ್‌ಓವರ್ ಸ್ವಿಚ್ಚನ್ನು ಹಾಕಿಸಿದರೆ ಜಗಳಕ್ಕೆ ಅವಕಾಶವೇ ಇರದು. ಲೆಕ್ಕವನ್ನು ಕೈಯಲ್ಲಿ ಹಿಡಿದು ವಿದ್ಯುತ್ ಸರಬರಾಜು ಕಚೇರಿಗೆ ಹೋಗಿ, ಮಂಜೂರಾದ ಭಾರಕ್ಕೆ ಇದು ಒಳಪಟ್ಟಿದೆಯೇ ಎಂದು ಕೇಳಿ, ಹೆಚ್ಚಿದ್ದರೆ ಅರ್ಜಿ ಕೊಟ್ಟು ಮಂಜೂರು ಮಾಡಿಸಿಕೊಳ್ಳತಕ್ಕದ್ದು.

ವೋಲ್ಟಿನ ಇಳಿತದ ಒಂದು ಮೋಸವನ್ನೂ ಹೇಳಬೇಕು. ಬೆಟ್ಟದಲ್ಲಿ ತಂತಿಯ ಕೊನೆಯ ಮನೆಗಳಿಗೆ ಸಂಜೆ 230ರ ಬದಲು 200 ವೋಲ್ಟೇ ಬರುವುದುಂಟು. ಆಗ 1,000 ವ್ಯಾಟಿನ ಹೀಟರು ಕೊಡುವುದು 756 ವ್ಯಾಟನ್ನು ಮಾತ್ರ, ಏಕೆಂದರೆ ಇಲ್ಲಿಯೂ ವರ್ಗದ ನಿಯಮವೇ. ಮನೆಯವರು ಹೀಟರನ್ನು ಬೈದು ದೊಡ್ಡದನ್ನು ತರುತ್ತಾರೆ. ಅದು ವೋಲ್ಟನ್ನು ಇನ್ನೂ ಇಳಿಸುತ್ತದೆ.

ನ್ಯೂಟ್ರಲ್ ತಂತಿಯ ಸಂದು ಇದಕ್ಕಿಂತ ಗಂಭೀರವಾದುದು. ಮೂರು ಫೇಸಿನ ಹಳೆಯ ಕಟ್ಟಡದಲ್ಲಿ ಎಲ್ಲರಿಗೂ ಸೇರಿದ ನ್ಯೂಟ್ರಲ್ ಒಂದೆಡೆ ಕಡಿದುಹೋದರೆ, ಎರಡು ಫೇಸುಗಳ ಎರಡು ಮನೆಗಳು 400 ವೋಲ್ಟಿನ ನಡುವೆ ಒಂದರ ಹಿಂದೊಂದು ಸಿಕ್ಕಿಕೊಳ್ಳುತ್ತವೆ. ಒಂದರಲ್ಲಿ 1,000 ವ್ಯಾಟಿನ ಹೀಟರಿದೆ, ರೋಧ 52.9 ಓಮ್. ಇನ್ನೊಂದರಲ್ಲಿ ದೀಪ, ಟೆಲಿವಿಷನ್ ಸೇರಿ 100 ವ್ಯಾಟ್. ರೋಧ 529 ಓಮ್. 400 ವೋಲ್ಟು ರೋಧದ ಅನುಪಾತದಲ್ಲಿ ಹಂಚಿಹೋಗಿ, ಹೀಟರಿಲ್ಲದ ಆ ಬಡಮನೆಗೆ ಸುಮಾರು 364 ವೋಲ್ಟ್ ಬೀಳುತ್ತದೆ. ದೀಪವೂ ಟೆಲಿವಿಷನ್ನೂ ಸುಟ್ಟುಹೋಗುತ್ತವೆ. ಹೀಟರು ಹಾಕಿದವನಿಗೆ ಕಾವು ಕಡಮೆಯಾಯಿತೆಂಬುದಷ್ಟೇ ತಿಳಿಯುತ್ತದೆ. ಆದುದರಿಂದ ಹೊಸ ಭಾರ ಹೊರಿಸುವ ಮೊದಲು ನ್ಯೂಟ್ರಲಿನ ಸಂದುಗಳನ್ನು ಒಂದೊಂದಾಗಿ ಬಿಚ್ಚಿ, ಉಜ್ಜಿ, ಬಿಗಿಸಬೇಕು. ಅದೇ ದಿನ 500 ವೋಲ್ಟಿನ ಮೆಗ್ಗರಿನಿಂದ ತಂತಿಯ ಹೊದಿಕೆಯನ್ನು ಪರೀಕ್ಷಿಸಬೇಕು. ರೋಧ ಒಂದು ಮೆಗ್‌ಓಮಿಗೆ ಕಡಮೆಯಿರಬಾರದು. ಭೂಸಂಪರ್ಕವಿಲ್ಲದ ಎರಡು ಕಾಲಿನ ಹಳೆಯ ಪ್ಲಗ್ಗುಗಳನ್ನು ತೆಗೆಸಿ, 30 ಮಿಲ್ಲಿಆಂಪಿಯರಿನ ಸೋರಿಕೆರಕ್ಷಕ ಸ್ವಿಚ್ಚನ್ನು ಹಾಕಿಸುವುದೂ ಆಗಲೇ ಆಗಬೇಕಾದ ಕೆಲಸ.

ಹೀಟರನ್ನು ಕೊಳ್ಳಲಾರದ ಮನೆಗೆ ಒಂದು ದಾರಿಯಿದೆ. ವಿದ್ಯುತ್ತಿನ ಹಾಸುಗಂಬಳಿ 60ರಿಂದ 100 ವ್ಯಾಟಿನದು. ಅರ್ಧ ಆಂಪಿಯರನ್ನೂ ಎಳೆಯದು. ಕೋಣೆಯನ್ನಲ್ಲ, ಮಲಗಿದವರನ್ನೇ ಅದು ಬೆಚ್ಚಗಿಡುತ್ತದೆ. ಅದನ್ನು ಮಡಿಸಿ ಉರಿಸಬಾರದು, ಒದ್ದೆಮಾಡಬಾರದು.

ಮೇಲಿನ ತರಗತಿಗಳ ವಿದ್ಯಾರ್ಥಿಗಳಿಗೆ ಅಭ್ಯಾಸಕ್ಕಾಗಿ ಒಂದು ಲೆಕ್ಕ. ಒಂದು ವಠಾರದಲ್ಲಿ 8 ಮನೆಗಳು, ಒಂದೇ ಫೇಸು, ಮುಖ್ಯ ಸ್ವಿಚ್ಚು 63 ಆಂಪಿಯರಿನದು, ಸಂಜೆ ಅಳೆದ ಪ್ರವಾಹ 28 ಆಂಪಿಯರ್. ನೂರಕ್ಕೆ 80ರ ನಿಯಮದಂತೆ 1,000 ವ್ಯಾಟಿನ ಹೀಟರುಗಳನ್ನು ಎಷ್ಟು ಮನೆಗಳಿಗೆ ಕೊಡಬಹುದು? ಕಿಟಕಿಯ ಸಂದುಗಳನ್ನು ಮುಚ್ಚಿ 750 ವ್ಯಾಟೇ ಸಾಕೆಂದಾದರೆ ಎಷ್ಟು? 8 ಮನೆಗಳಿಗೂ 750 ವ್ಯಾಟಿನ ಹೀಟರನ್ನು ಕೊಡಬೇಕಾದರೆ ಸಂಜೆಯ ಪ್ರವಾಹವನ್ನು ಎಷ್ಟಕ್ಕೆ ಇಳಿಸಬೇಕು? ಉತ್ತರ: 5 ಮನೆ, 6 ಮನೆ, ಸುಮಾರು 24.3 ಆಂಪಿಯರ್.